ಹದಿನಾಲ್ಕು ದಿನದ ಮದ್ದುಗುಂಡು

ನಮ್ಮ ದೊಡ್ಡಮ್ಮ ಬಂದೂಕು ಮುಟ್ಟಿದವರಲ್ಲ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುವ ಹೆಂಗಸು. ಆದರೆ ಮುಂದಿನ ಇಪ್ಪತ್ತು ವರ್ಷ ದೇಶ ತನ್ನನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂದು ದೊಡ್ಡ ದೊಡ್ಡವರು ಕೂತು ಬರೆದ ದಪ್ಪ ಪುಸ್ತಕವಿದೆಯಲ್ಲ, ಅದರ ಮೂರನೇ ಅಧ್ಯಾಯ ಇವತ್ತು ಹಾಗಿರುವುದಕ್ಕೆ ಅವರೇ ಕಾರಣ. ಪುಸ್ತಕದಲ್ಲಿ ಅವರ ಹೆಸರು ಹುಡುಕಿದರೂ ಸಿಗುವುದಿಲ್ಲ. ಆ ಸಿಟ್ಟಿಗೇ ನಾನಿದನ್ನು ಬರೆಯುತ್ತಿದ್ದೇನೆ.

ರಕ್ಷಣಾ ಇಲಾಖೆಯ ಯೋಜನಾ ಶಾಖೆಯಲ್ಲಿ ಅವರು ಗುಮಾಸ್ತೆ. ಕಬ್ಬಿಣದ ಬೀರುಗಳ ಮಧ್ಯೆ ಒಂದು ಮೇಜು, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಸೇನೆಯ ಉಗ್ರಾಣಗಳಿಂದ ಬರುವ ದಾಸ್ತಾನು ಪಟ್ಟಿಗಳನ್ನು ಒಟ್ಟುಗೂಡಿಸಿ ಕೋಷ್ಟಕ ಮಾಡುವುದು ಅವರ ಕೆಲಸ. ಶಾಖಾಧಿಕಾರಿಯ ಕುರ್ಚಿಗೆ ಹತ್ತೊಂಬತ್ತು ವರ್ಷದಿಂದ ಕಾದಿದ್ದರು. ಅವರ ಕೈಯಲ್ಲಿ ಕೆಲಸ ಕಲಿತವರೆಲ್ಲ ಅವರ ತಲೆಯ ಮೇಲಿಂದ ಹತ್ತಿ ಹೋಗಿದ್ದರು.

ಆ ಶಾಖೆಯಲ್ಲೊಂದು ಹಳೇ ಪದ್ಧತಿಯಿತ್ತು. ಕೋಷ್ಟಕವು ಯೋಜನೆ ಒಪ್ಪುವ ಸಮಿತಿಯ ಮುಂದೆ ಬಂದಾಗ ಅದನ್ನು ಮಾಡಿದ ಗುಮಾಸ್ತೆಯೇ ಉಗ್ರಾಣದ ಮೂಲ ಪಟ್ಟಿಗಳನ್ನು ಹಿಡಿದು ಗಟ್ಟಿಯಾಗಿ ಓದಬೇಕು. ಸಮಿತಿಯವರು ತಮ್ಮ ಮುಂದಿರುವ ಟೈಪ್ ಪ್ರತಿಯಲ್ಲಿ ಒಂದೊಂದಕ್ಕೂ ಗೀಟು ಹಾಕಬೇಕು. ಯಾವುದೋ ಕಾಲದಲ್ಲಿ ಎರಡು ಸೊನ್ನೆ ಹೆಚ್ಚಾಗಿ, ನಲವತ್ತು ಜನರ ಠಾಣೆಗೆ ನಾಲ್ಕು ಸಾವಿರ ಡೇರೆ ಹೋಗಿ ಬಿದ್ದಿದ್ದವಂತೆ. ಅಂದಿನಿಂದ ಇದು ಶುರು. ಓದುವಾಗ ಯಾರಾದರೂ ಆಕಳಿಸಿದರೆ ಸಾಕು, ದೊಡ್ಡಮ್ಮ ತಲೆಯೆತ್ತಿ "ಇನ್ನೊಂದ್ಸಲ ಓದ್ತೀನಿ" ಎನ್ನುತ್ತಿದ್ದರು. ಕಚೇರಿಯಲ್ಲಿ ಅವರ ಹೆಸರೇ 'ಇನ್ನೊಂದ್ಸಲ ಮೇಡಂ' ಎಂದಾಗಿತ್ತು.

ಇಪ್ಪತ್ತು ವರ್ಷದ ಯೋಜನೆಯ ಕರಡು ತಯಾರಾದಾಗ ನಿರ್ದೇಶಕರು ಅವರನ್ನು ಕರೆಸಿದರು.

"ಏನಮ್ಮಾ ಇದು? ಯುದ್ಧ ಆದ್ರೆ ಫಿರಂಗಿ ಮದ್ದುಗುಂಡು ಬರೀ ಹದಿನಾಲ್ಕು ದಿನಕ್ಕಾ?"

"ಇರೋದೇ ಅಷ್ಟು ಸಾರ್."

"ಮುಂದೆ ಕಟ್ಟೋ ಮದ್ದುಗುಂಡು ಕಾರ್ಖಾನೆದೂ ಸೇರಿಸಿ. ನಲವತ್ತೈದು ಆಗುತ್ತೆ."

"ಅದಕ್ಕಿನ್ನೂ ಜಾಗಾನೇ ನೋಡಿಲ್ವಲ್ಲ ಸಾರ್. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು."

ನಿರ್ದೇಶಕರು ನಗಲಿಲ್ಲ. ನಲವತ್ತೈದು ಎಂದಿದ್ದರೆ ಮದ್ದುಗುಂಡಿನ ಚಿಂತೆ ಇಲ್ಲ, ಮೊದಲ ಹತ್ತು ವರ್ಷ ಹೊಸ ಯುದ್ಧವಿಮಾನಗಳನ್ನೇ ತರಿಸಬಹುದು. ವಿಮಾನದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಗುಂಡಿನ ಪೆಟ್ಟಿಗೆಯ ಪಕ್ಕ ಯಾವ ಮಂತ್ರಿ ನಿಲ್ಲುತ್ತಾರೆ? ಅವರು ಮೆಲ್ಲಗೆ ಹೇಳಿದರು: "ಶಾಖಾಧಿಕಾರಿ ಕುರ್ಚಿ ಖಾಲಿ ಇದೆ. ಟೈಪ್ ಪ್ರತಿ ನಾನು ಸರಿ ಮಾಡಿಸಿದೀನಿ. ನೀವು ಓದೋವಾಗ ನಲವತ್ತೈದು ಅಂದ್ಬಿಡಿ, ಸಾಕು."

ಮನೆಯಲ್ಲಿ ದೊಡ್ಡಪ್ಪ ತಲೆ ಚಚ್ಚಿಕೊಂಡರು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ಅವರು. ನಿಂಗೊಬ್ಬಳಿಗೇ ಯಾಕೆ ಬೇಕು? ಹತ್ತೊಂಬತ್ತು ವರ್ಷ ಕಾದಿದೀಯ!"

ದೊಡ್ಡಮ್ಮ ಹೆಚ್ಚುತ್ತಿದ್ದ ತರಕಾರಿ ಬಿಟ್ಟು ಚಾಕು ಎತ್ತಿ ಹಿಡಿದು ಕೇಳಿದರು: "ಹದಿನೈದನೇ ದಿನ ಆ ಹುಡುಗರು ಏನು ಎಸೀಬೇಕು? ಕಲ್ಲಾ?"



ಸಮಿತಿ ಸೇರಿತು. ಉದ್ದ ಮೇಜು, ಏಳು ಜನ, ತುದಿಯಲ್ಲಿ ನೆರೆತ ಮೀಸೆಯ ಸೇನಾಪತಿ. ದೊಡ್ಡಮ್ಮ ನಿಂತು ಓದಿದರು: ಬೂಟು, ಡೇರೆ, ಡೀಸೆಲ್. ಗೀಟು ಬೀಳುತ್ತಾ ಹೋಯಿತು. "ಫಿರಂಗಿ ಮದ್ದುಗುಂಡು, ಹದಿನಾಲ್ಕು ದಿನ."

ಪೆನ್ನುಗಳು ನಿಂತವು.

"ಇಲ್ಲಿ ನಲವತ್ತೈದು ಅಂತಿದೆ," ಎಂದರು ಸೇನಾಪತಿ.

"ಮೇಡಂಗೆ ಈಚೆಗೆ ಕಣ್ಣು ಸ್ವಲ್ಪ..." ನಿರ್ದೇಶಕರು ಹಲ್ಲುಬಿಟ್ಟರು.

"ಇನ್ನೊಂದ್ಸಲ ಓದ್ತೀನಿ," ಎಂದರು ದೊಡ್ಡಮ್ಮ. ಓದಿದರು, ಈ ಸಲ ಹೊರಗಿನ ಜವಾನನಿಗೂ ಕೇಳುವಂತೆ.

ಸೇನಾಪತಿ ಕಡತ ಮುಚ್ಚಿದರು. "ಯಾವುದು ಸರಿ ಅಂತ ಈ ಗುಮಾಸ್ತೆಯ ಕೈಬರಹದಲ್ಲೇ ನನಗೆ ಬರಲಿ. ಇವತ್ತು ಸಂಜೆಯೊಳಗೆ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ ಈ ನಿರ್ದೇಶಕರದ್ದು. ಮಧ್ಯಾಹ್ನ ದೊಡ್ಡಮ್ಮನ ಮುಂದೆ ಎರಡು ಹಾಳೆ ಇಟ್ಟರು. ಒಂದು, ಅವರನ್ನು ಶಾಖಾಧಿಕಾರಿಯಾಗಿ ನೇಮಿಸುವ ಆದೇಶ. ಸಹಿ ಬಿದ್ದಿತ್ತು, ತಾರೀಖು ಮಾತ್ರ ಬಾಕಿ. ಇನ್ನೊಂದರಲ್ಲಿ ಟೈಪ್ ಮಾಡಿದ ಎರಡೇ ಸಾಲು: 'ದೃಷ್ಟಿದೋಷದಿಂದ ತಪ್ಪಾಗಿ ಓದಿದ್ದೇನೆ. ನಲವತ್ತೈದು ಸರಿ.' ಕೆಳಗೆ ಅದನ್ನೇ ಅವರು ಕೈಯಾರೆ ಬರೆದು ಸಹಿ ಹಾಕಲು ಜಾಗ.

ದೊಡ್ಡಮ್ಮ ಆದೇಶವನ್ನು ಪೂರ್ತಿ ಓದಿದರು. ಆಸೆಯಾಗಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ತುಂಬಾ ಆಸೆಯಾಯಿತು ಎಂದು ಅವರೇ ನನಗೆ ಹೇಳಿದ್ದಾರೆ. ಆಮೇಲೆ ಎರಡನೇ ಹಾಳೆಯ ಎರಡೂ ಸಾಲು ಹೊಡೆದುಹಾಕಿ ಕೆಳಗೆ ಬರೆದರು: 'ನನ್ನ ಕಣ್ಣು ಸರಿಯಾಗಿದೆ. ಇರುವುದು ಹದಿನಾಲ್ಕು ದಿನದ್ದು.' ಸಹಿ ಮಾಡಿ, ಮೂಲ ಪಟ್ಟಿ ಲಗತ್ತಿಸಿ, ತಾವೇ ಮೂರು ಮಹಡಿ ಹತ್ತಿ ಸೇನಾಪತಿಗಳ ಕೈಗೆ ಕೊಟ್ಟು ಬಂದರು.

ಮೂರನೇ ಅಧ್ಯಾಯವನ್ನು ಹೊಸದಾಗಿ ಬರೆಸಿದರು. ಮೊದಲು ಮದ್ದುಗುಂಡು, ಉಗ್ರಾಣ, ಕಾರ್ಖಾನೆ; ವಿಮಾನ ಆಮೇಲೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಮಾಡುವ ಗತಿ ತಪ್ಪಿತು.

ಕುರ್ಚಿ, ಸೇವೆಯಲ್ಲಿ ಅವರಿಗಿಂತ ಹನ್ನೊಂದು ವರ್ಷ ಕಿರಿಯನೊಬ್ಬನ ಪಾಲಾಯಿತು. ಮೊದಲ ದಿನವೇ ಆತ ಕೋಷ್ಟಕ ಹಿಡಿದು ದೊಡ್ಡಮ್ಮನ ಮೇಜಿಗೆ ಬಂದು, "ಎಲ್ಲಿ ಸಹಿ ಹಾಕ್ಬೇಕು ಮೇಡಂ?" ಎಂದ.

ದೊಡ್ಡಮ್ಮ ಎದುರಿನ ಸ್ಟೂಲು ತೋರಿಸಿದರು. "ಕೂತ್ಕೊಳ್ಳಿ ಸಾರ್. ಮೊದ್ಲು ಗಟ್ಟಿಯಾಗಿ ಓದಿ."