ಬೀಗಕ್ಕೆ ಕೊಡದ ಮನೆ

ಬನವಾಸಿಯ ಪಾರ್ವತವ್ವನ ಬಾಯಿ ಜೋರು ಎನ್ನುತ್ತಾರೆ. ಜೋರೇ, ಅದರಲ್ಲೇನು ಮುಚ್ಚುಮರೆ! ಆದರೆ ಬಾಯಿಗಿಂತ ಜೋರಾದದ್ದು ಅವಳ ಕಸಬರಿಗೆ. ಬೆಳಗಾದರೆ ಮೊದಲು ಗೋಡೆಗಳ ಬುಡ ನೋಡಬೇಕು, ಒರಲೆ ಹುಳು ಮಣ್ಣಿನ ಗೆರೆ ಎಳೆದಿದ್ದರೆ ಕೆರೆದು ಗೇರೆಣ್ಣೆ ಸವರಬೇಕು. ಮಂಗಗಳು ಹಂಚು ಸರಿಸಿದ್ದರೆ ಏಣಿ ಹಾಕಿ ತಾನೇ ಹತ್ತಬೇಕು. ಗಂಡ ರವೀಂದ್ರ ಕೆಳಗೆ ಏಣಿ ಹಿಡಿದು, ಬೀಳ್ತೀಯಾ, ಬೀಳ್ತೀಯಾ ಎಂದು ಜಪ ಮಾಡುತ್ತ ನಿಲ್ಲುತ್ತಾನೆ. ಮಣ್ಣಿನ ಗೋಡೆಯ ಆ ಮನೆ ಇನ್ನೂ ನೆಟ್ಟಗೆ ನಿಂತಿದ್ದರೆ ಅದು ಅವಳಿಂದ.

ಹೋದ ವರ್ಷ ಅತ್ತೆ ದೇವಕ್ಕ ತೀರಿಕೊಂಡರು. ತುಂಬು ಬಾಳು ಬಾಳಿದ ಜೀವ, ನಿದ್ದೆಯಲ್ಲೇ ಹೋಯಿತು. ಅಳುವುದನ್ನೆಲ್ಲ ಅತ್ತು, ಶಿವಗಣಾರಾಧನೆಯೂ ಮುಗಿಯಿತು. ಆಮೇಲೆ ಶುರುವಾಯಿತು ನೋಡಿ. ಅತ್ತೆ ಹೋದ ನಕ್ಷತ್ರ ಸರಿಯಿಲ್ಲವಂತೆ, ಮನೆಗೆ ಆರು ತಿಂಗಳು ಬೀಗ ಹಾಕಿ ಹೊರಗಿರಬೇಕಂತೆ, ಇಲ್ಲದಿದ್ದರೆ ಇನ್ನೊಂದು ಜೀವ ಹೋಗುತ್ತದಂತೆ. ಪಂಚಾಂಗ ತೋರಿಸಿಕೊಂಡು ಬಂದವರು ರವೀಂದ್ರನ ಅಣ್ಣ ಚಂದ್ರಶೇಖರಪ್ಪ. ಅದೇ ಓಣಿಯ ತುದಿಯಲ್ಲಿ ಅವರ ತಾರಸಿ ಮನೆ, ಅಲ್ಲಿಗೆ ಬಂದಿರಿ ಎಂದರು. ಅವರಿಗೆ ತಮ್ಮನೆಂದರೆ ನಿಜಕ್ಕೂ ಜೀವ, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಅಣ್ಣನ ಮಾತಿಗೆ ಎಂದೂ ಎದುರಾಡದ ರವೀಂದ್ರ ಆಗಲೇ ಟ್ರಂಕು ಹೊತ್ತುಕೊಂಡು ಹೋಗಿ ಅಲ್ಲಿಟ್ಟು ಬಂದಿದ್ದ.

ಪಾರ್ವತವ್ವನಿಗೆ ಮೈಯೆಲ್ಲ ಉರಿಯಿತು. ಅವಳ ತವರಿನಲ್ಲೂ ಹೀಗೇ ಆಗಿತ್ತು. ಅಪ್ಪ ಸತ್ತ ನಕ್ಷತ್ರ ಕೆಟ್ಟದ್ದೆಂದು ಮನೆಗೆ ಬೀಗ ಜಡಿದರು. ಗುಡಿಸುವವರಿಲ್ಲ, ಒಲೆಯ ಹೊಗೆಯಿಲ್ಲ. ಸರಿದ ಹಂಚಿನಿಂದ ನೀರಿಳಿದು ಹಿಂದಿನ ಗೋಡೆ ಕುಸಿಯಿತು. ಬಾಗಿಲ ಚೌಕಟ್ಟನ್ನು ಒರಲೆ ಒಳಗೊಳಗೇ ತಿಂದು ಮುಗಿಸಿತು. ದೋಷ ಕಳೆಯಿತೆಂದು ಬೀಗ ತೆಗೆಯಹೋದರೆ ಬಾಗಿಲೇ ಚೌಕಟ್ಟಿನ ಸಮೇತ ಕೈಗೆ ಬಂತು. ಆಮೇಲೆ ಅವ್ವ ಸಾಯುವತನಕ ಕಂಡವರ ಹಿತ್ತಲ ಕೋಣೆಯಲ್ಲಿ, ಅವರಿವರ ಮುಖ ನೋಡುತ್ತ ಬದುಕಿದಳು. ನಕ್ಷತ್ರ ಯಾರನ್ನು ತಿಂದಿತೋ ಗೊತ್ತಿಲ್ಲ, ಬೀಗವಂತೂ ಅವ್ವನನ್ನು ತಿಂದಿತು. ಈ ಮನೆಯನ್ನೂ ಅದರ ಬಾಯಿಗೆ ಕೊಡುವುದೇ? ಸತ್ತರೂ ಇಲ್ಲ ಎಂದುಕೊಂಡಳು.

ಸೀದಾ ಭಾವನ ಮನೆಗೆ ಹೋಗಿ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು, ಓಣಿಯವರೆಲ್ಲ ನೋಡುವಂತೆ ನಡುಹಗಲಲ್ಲೇ ವಾಪಸು ತಂದಳು. ಅತ್ತೆ ಮಲಗುತ್ತಿದ್ದ ಕೋಣೆಯ ಕಿಟಕಿ ತೆರೆದಳು, ಜೇಡರ ಬಲೆ ತೆಗೆದಳು, ಗೋಡೆಗೆ ಸುಣ್ಣ ಬಳಿದಳು. ಒಲೆ ಹಚ್ಚಿದಳು. ನಡುಮನೆಗೆ ಸೆಗಣಿ ಸಾರಿಸುತ್ತ ಹಿಂದೆ ಸರಿದು ಬಾಗಿಲ ಹತ್ತಿರ ಬರುವಷ್ಟರಲ್ಲಿ ಚಂದ್ರಶೇಖರಪ್ಪ ಹೊಸ ಬೀಗ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅವರ ಬೆನ್ನಿಗೆ ರವೀಂದ್ರ, ತಲೆ ತಗ್ಗಿಸಿಕೊಂಡು.

ಹಠ ಬೇಡ, ನಾಳೆ ಏನಾದರೂ ಆದರೆ ನನ್ನ ತಮ್ಮನನ್ನು ನೀನು ತಂದುಕೊಡುತ್ತೀಯಾ ಎಂದು ಅವರು ಕೇಳಿದರು. ಪಾರ್ವತವ್ವನಿಗೂ ಒಳಗೆ ಅಳುಕಿರಲಿಲ್ಲವೆಂದಲ್ಲ. ಅವಳ ಗಂಡನೂ ಅವನೇ ತಾನೇ. ಆದರೂ ಕೈ ನಿಲ್ಲಿಸಲಿಲ್ಲ.

“ಕೊರಳಾಗ ಲಿಂಗ ಕಟ್ಕೊಂಡು ನಮಗ ಸೂತಕ ಇಲ್ಲ ಅಂತೀವಿ. ಮತ್ತ ಚುಕ್ಕಿಗೆ ಹೆದರಿ ಮನಿ ಬಿಡೂದು ಯಾವ ನ್ಯಾಯರೀ ಭಾವಾರ? ನಾ ಬಿಡೂದಿಲ್ಲ.”

ಚಂದ್ರಶೇಖರಪ್ಪನವರಿಗೆ ಸಿಟ್ಟು ನೆತ್ತಿಗೇರಿತು. “ಹಂಗಾದ್ರ ಕೇಳು. ಇವತ್ತಿನಿಂದ ನಮ್ಮ ಪೈಕಿ ಒಬ್ಬರೂ ನಿನ್ನ ಮನಿಯಾಗ ಕಾಲಿಡೂದಿಲ್ಲ.”

ಹೊಸಿಲ ಬಳಿ ಕೊನೆಯ ಕೈ ಎಳೆದು ಪಾರ್ವತವ್ವ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು.

“ಚಲೋ ಆತು ಬಿಡ್ರಿ. ನೆಲ ಇನ್ನೂ ಹಸಿ ಐತಿ. ಆರೋತನಕ ಯಾರೂ ಕಾಲಿಡಬ್ಯಾಡ್ರಿ.”

ರವೀಂದ್ರ ಅಣ್ಣನ ಮುಖವನ್ನೊಮ್ಮೆ ನೋಡಿದ. ಆಮೇಲೆ ಮನೆಯನ್ನು ಸುತ್ತು ಹಾಕಿ, ಚಪ್ಪಲಿ ಬಿಟ್ಟು, ಹಿತ್ತಲ ಬಾಗಿಲಿನಿಂದ ಒಳಗೆ ಹೋದ.