ಬಿಸಿಲುಮನೆಯಲ್ಲಿ ರಾಚವ್ವಕ್ಕನ ಖಡಕ್ ರೊಟ್ಟಿ

ರಾಚವ್ವಕ್ಕನ ಬಗ್ಗೆ ಬರೆಯಲು ಹೊರಟರೆ ನನ್ನ ದಡ್ಡತನವನ್ನೂ ಬರೆಯಲೇಬೇಕಾಗುತ್ತದೆ. ಅದು ತುಸು ಹೆಚ್ಚೇ ಜಾಗ ಹಿಡಿಯುತ್ತದೆ; ಅಕ್ಕ ಕ್ಷಮಿಸಬೇಕು.

ನಾನು ಬನ್ನಂಜೆಯ ಒಂದು ಸೋಲಾರ್ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ಊರವರ ತಾರಸಿಯಲ್ಲಿ ಸ್ನಾನದ ನೀರು ಕಾಯಿಸುವ ಪ್ಯಾನೆಲ್ ಕೂರಿಸುವುದು ಕೆಲಸ. ಹೆಣ್ಣಿನ ಕಡೆಯವರು ಫೋನ್ ಮಾಡಿದಾಗ ಮಾತ್ರ ಅಮ್ಮ ನನ್ನನ್ನು ‘ಪ್ರವೀಣ್, ಎಂಜಿನಿಯರ್’ ಎನ್ನುತ್ತಾಳೆ. ಕಾಪುವಿನ ನಮ್ಮ ಮನೆಯ ಹಿಂಬದಿ ಕೋಣೆಯಲ್ಲಿ ರಾಚವ್ವಕ್ಕ ಮತ್ತು ಗಾರೆ ಕೆಲಸದ ಹುಸೇನಪ್ಪಣ್ಣ ಬಾಡಿಗೆಗಿದ್ದಾರೆ. ಗದಗದ ಕಡೆಯವರು, ಬಂದು ಹನ್ನೊಂದು ವರ್ಷ. ಅದರಲ್ಲಿ ಹತ್ತು ವರ್ಷ ಅಕ್ಕ ತಲೆಯ ಮೇಲೆ ಕಾಂಕ್ರೀಟು ಹೊತ್ತಳು. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಮೊಣಕಾಲು ಮುಷ್ಕರ ಹೂಡಿತು. ಆಮೇಲೆ ಜೋಳದ ರೊಟ್ಟಿ: ಮಣಿಪಾಲದ ಮೆಸ್ಸೊಂದಕ್ಕೆ ಭಾನುವಾರಕ್ಕೆ ಇನ್ನೂರು, ಬಿಸಿಲಲ್ಲಿ ಒಣಗಿಸಿದ ಖಡಕ್ ರೊಟ್ಟಿ.

ಜೂನ್ ಬಂತು. ನಮ್ಮ ಕಡಲ ಬದಿಯ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ರೊಟ್ಟಿ ಯಾವ ಲೆಕ್ಕ? ಒಲೆಯ ಮೇಲೆ ಒಣಗಿಸಿದರೆ ದುಡಿದದ್ದೆಲ್ಲ ಗ್ಯಾಸಿಗೆ. ಮೆಸ್ಸಿನ ಸಿದ್ದಣ್ಣ ಬಂದು ಕಡ್ಡಿ ಮುರಿದಂತೆ ಹೇಳಿದ: “ಬರೋ ಐತಾರ ಒಂದ ಸಲ ನೋಡತೀನಿ ಯಕ್ಕಾ. ಮೆತ್ತಗಿದ್ರ ಹುಬ್ಬಳ್ಳಿಯಿಂದ ಬಸ್ಸಿನಾಗ ತರಸತೀನಿ.” ಹಾಗಾದರೆ ಮತ್ತೆ ಕಾಂಕ್ರೀಟೇ ಗತಿ. ‘ಸೋಮವಾರದಿಂದ ಬಂದರೂ ಬಂದಾಳು’ ಎಂದು ಹುಸೇನಪ್ಪಣ್ಣ ಮೇಸ್ತ್ರಿಗೆ ಹೇಳಿಯೂ ಇಟ್ಟಿದ್ದ.

ಆಗ ನಾನು ಬಾಯಿ ಹಾಕಿದೆ: ರೊಟ್ಟಿ ಒಣಗಿಸಲು ತಾರಸಿಯಲ್ಲಿ ಬಿಸಿಲುಮನೆ ಕಟ್ಟಿಕೊಡುತ್ತೇನೆ ಎಂದೆ. ಗಾಜಿನ ಮನೆಯೊಳಗೆ ಕಲ್ಲು ಪೇರಿಸಿದರೆ ಹಗಲು ಬಿಸಿಲು ಕುಡಿದು ರಾತ್ರಿಯಿಡೀ ಶಾಖ ಬಿಡುತ್ತದೆ ಎಂದು ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಅರ್ಧ ಓದಿದ್ದೆ. ಹಿಮ ಬೀಳುವ ಊರಲ್ಲಿ ಟೊಮೆಟೊ ಬೆಳೆಯುವವರಿಗೆ ಬರೆದದ್ದು ಅದು. ಉಳಿದರ್ಧ ಓದುವಷ್ಟರಲ್ಲಿ ಸ್ಟಾಪ್ ಬಂದಿತ್ತು.

ನಮ್ಮ ಧಣಿ ಆಲ್ಫೋನ್ಸ್ ಸರ್ ಹೊಟ್ಟೆ ಹಿಡಿದು ನಕ್ಕರು. “ಎಂತ ಮಾರಾಯ, ಇಲ್ಲಿ ಫ್ಯಾನ್ ಇಲ್ಲದೆ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ, ನೀನು ಬಿಸಿ ಮಾಡುವ ಮನೆ ಕಟ್ಟುತ್ತೀಯಾ? ಹಳೆ ಪ್ಯಾನೆಲಿನ ಗಾಜು ಗೋಡೌನಿನಲ್ಲಿ ಉಂಟು, ತೆಗೆದುಕೊಂಡು ಹೋಗು. ಯಾರಾದರೂ ಕೇಳಿದರೆ ಅಂಗಡಿಯ ಹೆಸರು ಮಾತ್ರ ಹೇಳಬೇಡ.”

ಎರಡು ದಿನ ರಜೆ ಹಾಕಿ ತಾರಸಿಯ ಮೇಲೆ ಕಪಾಟಿಗಿಂತ ದೊಡ್ಡದು, ಬಚ್ಚಲಿಗಿಂತ ಚಿಕ್ಕದು ಅನ್ನುವಂಥ ಗಾಜಿನ ಮನೆ ನಿಲ್ಲಿಸಿದೆ. ರಾಚವ್ವಕ್ಕ ಕೆಳಗೆ ನಿಂತು ಹದಿನೆಂಟು ಮೆಟ್ಟಿಲು ನೋಡಿದಳು, ನನ್ನನ್ನು ನೋಡಿದಳು.

“ತಮ್ಮಾ, ಇದನ್ನ ನನ್ನ ಮೊಣಕಾಲಿಗೆ ಹೇಳಿ ಕಟ್ಟಿಯೇನು?”

ಅಂದಿನಿಂದ ರೊಟ್ಟಿ ಬುಟ್ಟಿ ಹೊರುವ ಹುದ್ದೆ ಎಂಜಿನಿಯರನದ್ದೇ ಆಯಿತು.

ಇನ್ನು ಕಲ್ಲು. ನಮ್ಮ ಕಡೆಯವರಿಗೆ ಕಲ್ಲೆಂದರೆ ಮುರಕಲ್ಲು. ಮನೆಗೂ ಅದೇ, ಬಾವಿಗೂ ಅದೇ. ಕಂಪೌಂಡ್ ಕಟ್ಟಿ ಉಳಿದ ನಲವತ್ತು ಕೆಂಪು ಕಲ್ಲು ಹಿತ್ತಲಲ್ಲಿ ಮಳೆಗೆ ನೆನೆಯುತ್ತಿದ್ದವು. ಒರೆಸಿ, ಕಪ್ಪು ಬಣ್ಣ ಬಳಿದು ಒಳಗೆ ಪೇರಿಸಿ, ಗಾಳಿ ನುಸುಳದಂತೆ ಎಲ್ಲ ಸಂದಿಗೂ ಅಂಟು ತುಂಬಿದೆ. ಬುಧವಾರ ನಾಲ್ಕು ಗಂಟೆ ಬಿಸಿಲು ಬಂತು. ಥರ್ಮಾಮೀಟರ್ ಐವತ್ತನಾಲ್ಕು ತೋರಿಸಿತು. ನಾನು ಅದರ ಜೊತೆ ಸೆಲ್ಫಿ ತೆಗೆದು ಸ್ಟೇಟಸ್ ಹಾಕಿದೆ. ಸಂಜೆ ಪರೀಕ್ಷೆಗೆಂದು ಮೂವತ್ತು ರೊಟ್ಟಿ ಇಟ್ಟೆವು.

ಬೆಳಿಗ್ಗೆ ಗಾಜಿನ ಒಳಮೈ ಬೆವರುತ್ತಿತ್ತು. ರೊಟ್ಟಿಗಳು ಒದ್ದೆ ಬನಿಯನ್ನಿನ ಹಾಗೆ ಜೋತಿದ್ದವು. ನಾನು ವಾತಾವರಣದ ತೇವಾಂಶದ ಬಗ್ಗೆ ಭಾಷಣ ಶುರು ಮಾಡಿದೆ. ಮೆಟ್ಟಿಲಿನ ಕಂಬಿ ಹಿಡಿದು ಹೇಗೋ ಮೇಲೆ ಬಂದಿದ್ದ ರಾಚವ್ವಕ್ಕ ಕಲ್ಲಿನ ಬಣ್ಣವನ್ನು ಉಗುರಿನಿಂದ ಕೆರೆದಳು. ಉಗುರಿಗೆ ಕೆಂಪು ಕೆಸರು ಹತ್ತಿತು.

“ಈ ಕಲ್ಲು ನೀರು ಕುಡದೈತಿ ತಮ್ಮಾ. ಕಾಸಿದ್ರ ಉಗುಳತೈತಿ. ನೀ ಕಟ್ಟಿದ್ದು ರೊಟ್ಟಿ ಮನಿ ಅಲ್ಲ, ಇಡ್ಲಿ ಪಾತ್ರಿ.”

“ಮತ್ತೆ ಎಂತ ಮಾಡುವುದು ಅಕ್ಕ?”

“ನಮ್ಮೂರಾಗ ಕರಿ ಹಾಸುಗಲ್ಲಿನ ಕಟ್ಟಿ ಇರತೈತಿ. ಬ್ಯಾಸಿಗ್ಯಾಗ ಹೊತ್ತು ಮುಣಗಿದ ಮ್ಯಾಲೂ ಕುಂಡ್ರಾಕ ಬರಾಂಗಿಲ್ಲ, ಕುಂಡಿ ಸುಡತೈತಿ. ಅಂಥಾ ಕಲ್ಲು ಬೇಕು. ಮತ್ತ ಮ್ಯಾಲೊಂದು ತೂತು ಬಿಡು, ಉಗಿ ಹೋಗಲಿ.”

ಶಿರ್ವದಲ್ಲಿ ಒಂದು ಗಲ್ಫ್ ಮನೆಯ ಅಡುಗೆಕಟ್ಟೆಗೆ ಹುಸೇನಪ್ಪಣ್ಣ ಕಪ್ಪು ಗ್ರಾನೈಟ್ ಕೂರಿಸುತ್ತಿದ್ದ. ಕತ್ತರಿಸಿ ಉಳಿದ ತುಂಡುಗಳನ್ನು ಆ ಮನೆಯವರು ರಾಶಿ ಹಾಕಿದ್ದರು. ಕೇಳಿದ್ದಕ್ಕೆ “ಕಸ ಹೋದರೆ ಸಾಕು” ಅಂದರಂತೆ. ಶುಕ್ರವಾರ ಸಂಜೆ ಟೆಂಪೋದಲ್ಲಿ ಆರು ಚೀಲ ಬಂತು. ನಾನು ಮುರಕಲ್ಲು ಹೊರಗೆ ಹಾಕಿ, ಗಾಜಿನ ಗೋಡೆಯ ಮೇಲ್ತುದಿಯಲ್ಲಿ ಉಗಿಗೆ ತೂತು ಬಿಟ್ಟೆ. ಹುಸೇನಪ್ಪಣ್ಣ ಒಂದೊಂದು ತುಂಡನ್ನೂ ಪುಸ್ತಕದ ಹಾಗೆ ನಿಲ್ಲಿಸಿ ನಡುವೆ ಬೆರಳಗಲ ಸಂದಿ ಬಿಟ್ಟ.

“ಮಲಗಿಸಿದರೆ ಸಾಕಲ್ವಾ?” ಎಂದೆ.

“ಮಲಗಿಸಿದ್ರ ಒಂದ ಮೈ ಕಾಯತೈತಿ. ನಿಂದ್ರಿಸಿದ್ರ ಎರಡೂ.”

ನಾನು ಓದದೆ ಬಿಟ್ಟ ಉಳಿದರ್ಧದಲ್ಲಿ ಬಹುಶಃ ಇದೇ ಇತ್ತು.

ಶನಿವಾರ ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಧೋ ಎಂದು ಮಳೆ. ಸಂಜೆ ಇನ್ನೂರು ರೊಟ್ಟಿಯನ್ನು ತಟ್ಟೆಗಳಲ್ಲಿ ಹರಡಿ ಒಳಗಿಟ್ಟೆವು. ಭಾನುವಾರ ಬೆಳಿಗ್ಗೆ ಬುಟ್ಟಿ ಇಳಿಸಿದೆ. ರಾಚವ್ವಕ್ಕ ಒಂದು ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಕಟ್ ಎಂದಿತು. ಆದರೆ ಕೆಳಗಿನ ತಟ್ಟೆಯ ನಲವತ್ತು ಬಾಗಿದವು. ಅವನ್ನು ಬೇರೆ ಎತ್ತಿಟ್ಟಳು. ಸಿದ್ದಣ್ಣ ಓಮ್ನಿಯಲ್ಲಿ ಬಂದು ನಡುವಿನಿಂದ ಮೂರು ಹಿರಿದು ಮುರಿದು ನೋಡಿದ. ತಲೆಯಾಡಿಸಿದ.

“ಇವು ಒಂದನೂರಾ ಅರವತ್ತು. ಉಳದವು ಮೆತ್ತಗದಾವ, ಕೊಡಾಂಗಿಲ್ಲ,” ಎಂದಳು ಅಕ್ಕ.

“ಹೇಳದಿದ್ರ ನನಗ ಗೊತ್ತಾಗತಿರಲಿಲ್ಲ ಬಿಡ.”

“ನಿನಗಲ್ಲೋ ಮಾರಾಯ, ತಿನ್ನೋರಿಗೆ ಗೊತ್ತಾಗತಿತ್ತು.”

ಹನ್ನೊಂದು ವರ್ಷದಲ್ಲಿ ‘ಮಾರಾಯ’ ಅವಳಿಗೂ ಅಂಟಿದೆ. ಸಿದ್ದಣ್ಣ ನಗುತ್ತ ಗಂಟು ಕಟ್ಟಿದ. “ಮಳಿಗಾಲ ಮುಗಿಯೂತನಕ ಒಂದನೂರಾ ಅರವತ್ತ ಕೊಡು ಹಂಗಾರ.”

ಹೊಗಳಿಕೆ ಈಗ ಬಂದೀತು ಎಂದು ನಾನು ಎದೆ ಉಬ್ಬಿಸಿ ನಿಂತಿದ್ದೆ. ರಾಚವ್ವಕ್ಕ ನನ್ನ ಕೈಗೆ ಮೆತ್ತನೆಯ ನಲವತ್ತು ರೊಟ್ಟಿ ಹೊರಿಸಿ, ಗಂಡನ ಕಡೆ ತಿರುಗಿದಳು.

“ಮೇಸ್ತ್ರಿಗೆ ಫೋನ್ ಹಚ್ಚು. ನಾಳಿ ನಾ ಬರಾಂಗಿಲ್ಲ ಅನ್ನು.”