ಕಸ ಹಾಕಿ ಕಸ ತೆಗೆಯುವವನು

ನೆಟ್ಟಗೆ ನಿಲ್ಲುವ ವ್ಯಾಕ್ಯೂಮ್ ಕ್ಲೀನರುಗಳಲ್ಲಿ ಯಾವುದು ಕಾರ್ಪೆಟ್ಟನ್ನು ಚೆನ್ನಾಗಿ ಶುಚಿ ಮಾಡುತ್ತದೆ ಎಂದು ಹೋಲಿಸಿ ನೋಡುವುದೇ ನನ್ನ ಹೊಟ್ಟೆಪಾಡು. ಬೆಳಿಗ್ಗೆ ಒಳ್ಳೆಯ ಕಾರ್ಪೆಟ್ಟಿಗೆ ಮರಳು ಸುರಿದು, ಬೂಟುಗಾಲಲ್ಲಿ ತುಳಿದು, ಸಂಜೆಯವರೆಗೆ ಒಂದೊಂದೇ ಯಂತ್ರದಿಂದ ಅದನ್ನು ಹೀರಿಸಿ ತೂಗುತ್ತೇನೆ. "ನೀವೇ ಕಸ ಹಾಕಿ ನೀವೇ ತೆಗೀತೀರಾ? ಅದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಅತ್ತೆ ಕೇಳಿದಾಗ, ಅಳಿಯನ ಗತ್ತು ಬಿಡದೆ "ಇದು ವಿಜ್ಞಾನ ಅತ್ತೆ" ಎಂದಿದ್ದೆ. ನೆಂಟರ ಮನೆಗೆ ಹೋದರೆ ಕುಶಲ ಕೇಳುವ ಮೊದಲೇ ಬಗ್ಗಿ ಕಾರ್ಪೆಟ್ಟಿನ ಎಳೆ ಬಿಡಿಸಿ ನೋಡಿ, "ನಿಮ್ಮ ಯಂತ್ರ ಬರೀ ಮುಖ ಒರೆಸುತ್ತೆ ಅಷ್ಟೆ" ಎನ್ನುತ್ತೇನೆ. ಈಗ ನಾನು ಬರುವ ಸುದ್ದಿ ಸಿಕ್ಕರೆ ಅವರು ಕಾರ್ಪೆಟ್ಟನ್ನೇ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಕಳೆದ ವಾರ ಎಲ್ಲದರಲ್ಲೂ ಗೆದ್ದ ಯಂತ್ರವನ್ನು ಮನೆಗೇ ತಂದೆ. "ಒಂದು ಕಣ ಉಳಿದ್ರೆ ಕೇಳು!" ಎಂದು ಜಂಬ ಕೊಚ್ಚುತ್ತಾ ಕಿಟಕಿಯ ಕಡೆ ನೂಕಿದೆ. ಹೆಂಡತಿ ಓಡಿ ಬಂದು ಪ್ಲಗ್ ಕಿತ್ತಳು. "ಅಲ್ಲಿ ಮಾತ್ರ ಬೇಡ ರೀ." ಹಿಂದಿನ ತಿಂಗಳು ತೀರಿಕೊಂಡ ನಮ್ಮ ಮುದಿ ನಾಯಿ ಮಲಗುತ್ತಿದ್ದ ಜಾಗ ಅದು, ಅದರ ಕಂದು ಕೂದಲು ಬಿಸಿಲಿಗೆ ಇನ್ನೂ ಹೊಳೆಯುತ್ತಿತ್ತು. ನಾನು ವೈರು ಸುತ್ತಿಕೊಂಡೆ. "ನಿಜ ಹೇಳ್ಬೇಕಂದ್ರೆ, ನಾಯಿ ಕೂದಲು ಹಿಡಿಯೋ ತಾಕತ್ತು ಇದಕ್ಕಿಲ್ಲ ಕಣೇ," ಎಂದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಕೊಟ್ಟ ಮೊದಲ ಸುಳ್ಳು ವರದಿ ಅದು.